ಇಂದಿನ ಧಮ್ಮ ಚಿಂತನೆ: ದಿಂಬಿನ ಪಕ್ಕದ ನೋಟ್‌ಬುಕ್



ಕೋಸಲದ ರಾಜ ಪಸೇನದಿಗೆ ಒಂದೇ ರಾತ್ರಿ ಹದಿನಾರು ಕನಸು ಬಿದ್ದವು. ಜಾತಕ ಕಥೆಗಳಲ್ಲಿ 77ನೆಯದಾದ ಮಹಾಸುಪಿನ ಜಾತಕದಲ್ಲಿ ಅವುಗಳ ಪಟ್ಟಿಯೇ ಇದೆ. ಸೋರೆಬುರುಡೆ ನೀರಿನಲ್ಲಿ ಮುಳುಗುತ್ತದೆ, ಬಂಡೆಗಲ್ಲು ತೇಲುತ್ತದೆ. ಪುಟ್ಟ ಕಪ್ಪೆಗಳು ಹಾವನ್ನು ಅಟ್ಟಿಸಿಕೊಂಡು ಹೋಗಿ ನುಂಗುತ್ತವೆ. ದೊಡ್ಡ ಕೊಡವೊಂದು ತುಂಬಿ ಹರಿಯುತ್ತಿದ್ದರೂ ಜನ ಅದಕ್ಕೇ ನೀರು ಹೊಯ್ಯುತ್ತಾರೆ, ಸುತ್ತಲಿನ ಖಾಲಿ ಕೊಡಗಳ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. (ಈ ಕೊನೆಯದಕ್ಕೆ ನಮ್ಮವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.)

ಹೆದರಿದ ರಾಜ ಬೆಳಗಾಗುತ್ತಲೇ ಪುರೋಹಿತರನ್ನು ಕರೆಸಿದ. ರಾಜ್ಯಕ್ಕೋ ಪ್ರಾಣಕ್ಕೋ ಸಂಪತ್ತಿಗೋ ಕೇಡು ಕಾದಿದೆ, ದೊಡ್ಡ ಯಜ್ಞ ಆಗಲೇಬೇಕು ಎಂದರು ಅವರು. ಪ್ರಾಣಿಗಳನ್ನು ತಂದು ಕಟ್ಟಿಸಿದ್ದೂ ಆಯಿತು. ರಾಣಿ ಮಲ್ಲಿಕಾ ಇದನ್ನೆಲ್ಲ ನೋಡಿ, ಜೇತವನದಲ್ಲಿ ಬುದ್ಧರಿದ್ದಾರಲ್ಲ, ಅವರನ್ನು ಒಂದು ಮಾತು ಕೇಳಬಾರದೇ ಎಂದಳು. ಮಲ್ಲಿಕಾ ಹೂ ಕಟ್ಟುವವರ ಮನೆಯ ಮಗಳು. ಬುದ್ಧರು ಹದಿನಾರೂ ಕನಸುಗಳನ್ನು ಪೂರ್ತಿ ಕೇಳಿಸಿಕೊಂಡು, ಇವುಗಳಿಂದ ನಿನಗೆ ಯಾವ ಭಯವೂ ಇಲ್ಲ ಎಂದರು. ಅಧರ್ಮದಿಂದ ಆಳುವವರ ಕಾಲ ಬಂದರೆ ಹೀಗೆಲ್ಲ ಆದೀತು ಎಂದು ಒಂದೊಂದನ್ನೂ ವಿವರಿಸಿದರು. ಪ್ರಾಣಿಗಳ ಹಗ್ಗ ಬಿಚ್ಚಿದರು. ಕಥೆಯಲ್ಲಿ ಇನ್ನೊಂದು ಸಣ್ಣ ವಿವರ ಇದೆ, ನನಗೆ ಅದೇ ಮುಖ್ಯ. ಪುರೋಹಿತನ ಎಳೆಯ ಶಿಷ್ಯನೊಬ್ಬ, ಒಂದು ಜೀವ ಕೊಂದು ಇನ್ನೊಂದು ಜೀವ ಕಾಪಾಡಬಹುದು ಅಂತ ನಾವು ಕಲಿತ ಶಾಸ್ತ್ರದಲ್ಲಿ ಎಲ್ಲಿದೆ ಎಂದು ಕೇಳುತ್ತಾನೆ. ಗುರುವಿನ ಉತ್ತರದ ತಾತ್ಪರ್ಯ: ಸುಮ್ಮನಿರು, ಇದರಿಂದ ನಮಗೆ ದುಡ್ಡು ಬರುತ್ತದೆ.

ನಮ್ಮ ಊರಿನಲ್ಲಿ ಕನಸಿನಲ್ಲಿ ಹಾವು ಕಂಡರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಮೊದಲು ಪಕ್ಕದ ಮನೆಯವರು "ನಾಗದೋಷ ಇರಬೇಕು" ಎನ್ನುತ್ತಾರೆ. ಆಮೇಲೆ ಜೋಯಿಸರಲ್ಲಿ ಪ್ರಶ್ನೆ ಇಡುವುದು. ಆಮೇಲೆ ಆಶ್ಲೇಷ ಬಲಿ, ತಂಬಿಲ. ನಮ್ಮ ಅಧ್ಯಯನ ಬಳಗಕ್ಕೆ ಬರುವ ಒಬ್ಬ ಅಕ್ಕ, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಕೆಲಸದವರು, ಕಳೆದ ಮಳೆಗಾಲದಲ್ಲಿ ಇದೇ ದಾರಿಯ ಮೊದಲ ಮೆಟ್ಟಿಲಲ್ಲಿದ್ದರು. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾರೆ.) "ಟೀಚರೇ, ಕಣ್ಣು ಮುಚ್ಚಿದ್ರೆ ಹಾವೇ ಬರ್ತದೆ. ದೀಕ್ಷೆ ತಕೊಂಡದ್ದಕ್ಕೆ ನಾಗನಿಗೆ ಸಿಟ್ಟು ಬಂದದ್ದು ಅಂತ ಮನೆಯಲ್ಲಿ ಹೇಳ್ತಾರೆ" ಎಂದರು. ಬಾಬಾಸಾಹೇಬರ 22 ಪ್ರತಿಜ್ಞೆಗಳನ್ನು ಬಾಯಿಪಾಠ ಹೇಳುವ ಹೆಂಗಸು ಅವರು. ಆದರೆ ರಾತ್ರಿ ಎರಡು ಗಂಟೆಗೆ ಬೆವರಿ ಎದ್ದು ಕೂತಾಗ ಪ್ರತಿಜ್ಞೆ ನೆನಪಾಗುವುದಿಲ್ಲ, ಅಜ್ಜಿ ಹೇಳಿದ ಕಥೆ ನೆನಪಾಗುತ್ತದೆ. ಅದಕ್ಕೆ ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಅವರಿಗೆ ನಾನು ಒಂದೇ ಕೆಲಸ ಹೇಳಿದೆ. ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಡಿ, ಎದ್ದ ಕೂಡಲೇ ಕನಸನ್ನು ಬರೆಸಿ. ಅವರಿಗೆ ಬರೆಯಲು ಕಷ್ಟ. ಡಿಗ್ರಿ ಕೊನೆಯ ವರ್ಷದ ಮಗಳು ಬರೆದುಕೊಂಡಳು. ತಾರೀಕು, ವಾರ, ಏನು ಕಂಡಿತು, ಎದ್ದಾಗ ಮನಸ್ಸು ಹೇಗಿತ್ತು, ಹಿಂದಿನ ದಿನ ಏನು ನಡೆದಿತ್ತು. ಅರ್ಥ ಮಾತ್ರ ಬರೆಯಬಾರದು. ಎಂಟು ವಾರದಲ್ಲಿ ಹಾವು ಬಂದದ್ದು ಆರು ಸಲ. ಅದರಲ್ಲಿ ಐದು ಸೋಮವಾರ ರಾತ್ರಿ. ಸಾಲದ ಗುಂಪಿನ ವಾರದ ಕಂತು ಕಟ್ಟುವುದು ಮಂಗಳವಾರ ಬೆಳಿಗ್ಗೆ! ಆರನೆಯದು ಮಗಳ ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನದ ಹಿಂದಿನ ರಾತ್ರಿ. ಪಟ್ಟಿ ಮಾಡಿ ತೋರಿಸಿದವಳು ಆ ಹುಡುಗಿಯೇ. ಬಲಿಗೆಂದು ಚೀಟಿಯಿಂದ ಎತ್ತಿಟ್ಟಿದ್ದ ಹಣ ಸಾಲದ ಒಂದು ಪಾಲಿಗೆ ಹೋಯಿತು. ಹಾವು ಈಗಲೂ ಒಮ್ಮೊಮ್ಮೆ ಬರುತ್ತದಂತೆ. "ಬಂದ್ರೆ, ಓ ನಾಳೆ ಮಂಗಳವಾರ ಅಂತ ಮಗ್ಗುಲು ತಿರುಗಿ ಮಲಗ್ತೇನೆ" ಎನ್ನುತ್ತಾರೆ.

ಹಾಗೆಂದು ಎಲ್ಲ ಕನಸಿಗೂ ಇಂಥ ಸುಲಭ ಲೆಕ್ಕ ಸಿಗುತ್ತದೆ ಎಂದು ಯಾರೂ ತಿಳಿಯಬೇಡಿ. ಬಹಳಷ್ಟು ಕನಸುಗಳು ಬರೀ ಕಸ. ಮಿಲಿಂದ ಪಞ್ಹದಲ್ಲಿ ನಾಗಸೇನರು ಕನಸಿಗೆ ಕಾರಣ ಹೇಳುವಾಗ ವಾತ, ಪಿತ್ತ, ಕಫಗಳ ಕೆರಳಿಕೆಯನ್ನೂ ದಿನದ ರೂಢಿಯನ್ನೂ ಸೇರಿಸುತ್ತಾರೆ. ಇಂದಿನ ವಿಜ್ಞಾನದ ಭಾಷೆ ಬೇರೆ. ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ವೇಗವಾಗಿ ಓಡಾಡುವ ಹೊತ್ತಿಗೂ ಕನಸಿಗೂ ಸಂಬಂಧವಿದೆ ಎಂಬುದನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ತೋರಿಸಿದರು. ಎದ್ದ ಕೆಲವೇ ನಿಮಿಷಗಳಲ್ಲಿ ಕನಸು ಅಳಿಸಿಹೋಗುವುದು ನಮ್ಮೆಲ್ಲರ ಅನುಭವ. ಆದ್ದರಿಂದ ಬರೆಯುವವರು ಮೊದಲು ಪೆನ್ನು ಮುಟ್ಟಬೇಕು, ಮೊಬೈಲ್ ಆಮೇಲೆ. ಈ ಸಂದೇಶವನ್ನೂ ಆಮೇಲೆಯೇ ಓದಿ. ಕನಸಿನ ಫಲ ಹೇಳಿ ಹೊಟ್ಟೆ ಹೊರೆಯುವುದನ್ನು ಬ್ರಹ್ಮಜಾಲ ಸುತ್ತದಲ್ಲಿ ಭಿಕ್ಖುಗಳು ಮಾಡಬಾರದ ಕೀಳು ವಿದ್ಯೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ನಾವು ಪುಸ್ತಕದಲ್ಲಿ ಬರೆಯುವುದು ಫಲವನ್ನಲ್ಲ, ನಮ್ಮ ಮನಸ್ಸು ಎಲ್ಲಿ ನೋಯುತ್ತಿದೆ ಎಂಬುದನ್ನು. ಸತಿಪಟ್ಠಾನದಲ್ಲಿ ಚಿತ್ತವನ್ನು ನೋಡುವುದು ಎನ್ನುತ್ತಾರಲ್ಲ, ಅದಕ್ಕೆ ಇದೊಂದು ಅಡುಗೆಮನೆಯ ಉಪಾಯ.

ಇನ್ನು ಕನ್ನಡದಲ್ಲಿ ಇನ್ನೊಂದು ಕನಸೂ ಇದೆ, ಹಗಲಿನದು. "ನಿನ್ನ ಕನಸೇನು" ಎಂದು ಮಕ್ಕಳನ್ನು ಕೇಳುತ್ತೇವಲ್ಲ, ಅದು. ಕಳೆದ ವಾರ ಬಳಗದ ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಎತ್ತಿದ: "ತಣ್ಹೆಯೇ ದುಃಖಕ್ಕೆ ಕಾರಣ ಅಂತೀರಿ. ಹಾಗಿದ್ದರೆ ನಾನು ಕೆಎಎಸ್ ಮಾಡಬೇಕು ಅಂತ ಬಯಸುವುದೂ ತಪ್ಪಾ?"

ಇದೇ ಪ್ರಶ್ನೆಯನ್ನು ಉಣ್ಣಾಭ ಎಂಬ ಬ್ರಾಹ್ಮಣ ಕೋಸಂಬಿಯ ಘೋಸಿತಾರಾಮದಲ್ಲಿ ಆನಂದರಿಗೆ ಕೇಳಿದ್ದ. ಬಯಕೆಯನ್ನು ಬಯಕೆಯಿಂದಲೇ ಕಳೆಯುವುದು ಹೇಗೆ, ಅದಕ್ಕೆ ಕೊನೆಯೇ ಇಲ್ಲವಲ್ಲ ಎಂದು ಅವನ ವಾದ. ಆನಂದರು ತಿರುಗಿ ಕೇಳಿದರು: ಈ ಆರಾಮಕ್ಕೆ ಬರಬೇಕು ಎಂಬ ಬಯಕೆ ನಿನಗಿತ್ತೇ? ಇತ್ತು. ಬಂದು ತಲುಪಿದ ಮೇಲೆ ಆ ಬಯಕೆ ಏನಾಯಿತು? ತಣಿಯಿತು. ಸಂಯುತ್ತ ನಿಕಾಯದಲ್ಲಿ ಈ ಮಾತುಕತೆ ಬರುವುದು ಇದ್ಧಿಪಾದಗಳ ಭಾಗದಲ್ಲಿ. ಛಂದ, ವಿರಿಯ, ಚಿತ್ತ, ವೀಮಂಸಾ ಎಂಬ ನಾಲ್ಕು ಪಾದಗಳು: ಬಯಸುವುದು, ಶ್ರಮಿಸುವುದು, ಮನಸ್ಸು ನೆಡುವುದು, ಪರೀಕ್ಷಿಸುತ್ತಿರುವುದು. ಮೊದಲ ಪಾದವೇ ಬಯಕೆ. ತಣ್ಹೆ ಸಿಕ್ಕಷ್ಟೂ ಇನ್ನೂ ಬೇಕು ಎನ್ನುತ್ತದೆ, ಛಂದ ತಲುಪಿದಲ್ಲಿ ಇಳಿದುಕೊಳ್ಳುತ್ತದೆ. ಬಡವರಿಗೆ ಮಾತ್ರ "ಆಸೆ ಬಿಡು" ಎಂದು ಬೋಧಿಸುವವರು ಧಮ್ಮವನ್ನು ಅರ್ಧ ಓದಿದವರು.

ಬಾಬಾಸಾಹೇಬರ 1917ನೇ ಇಸವಿಯನ್ನು ಈ ನಾಲ್ಕು ಪಾದಗಳ ಜೊತೆ ಇಟ್ಟು ನೋಡಿ. ಲಂಡನ್ನಿನಲ್ಲಿ ಓದು ಅರ್ಧದಲ್ಲಿದೆ. ವಿದ್ಯಾರ್ಥಿವೇತನ ಮುಗಿಯಿತು, ಬರೋಡಕ್ಕೆ ಮರಳಬೇಕು. ಹೊರಡುವ ಮುಂಚೆ ನಾಲ್ಕು ವರ್ಷದೊಳಗೆ ವಾಪಸು ಬಂದು ಓದು ಮುಂದುವರಿಸಲು ವಿಶ್ವವಿದ್ಯಾಲಯದಿಂದ ಅನುಮತಿ ಪಡೆದುಕೊಂಡರು. ಯುದ್ಧಕಾಲ. ಅವರ ಪುಸ್ತಕಗಳನ್ನು ಹೊತ್ತ ಹಡಗು ಮುಳುಗಿತು. ಬರೋಡದಲ್ಲಿ ತಲೆ ಇಡಲು ಜಾಗವಿಲ್ಲ, ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು, ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ರೈಲಿನ ಹೊತ್ತಾಗುವವರೆಗೆ ಕಾಮಾಟಿ ಬಾಗ್‌ನಲ್ಲಿ ಕುಳಿತರು. ಅಲ್ಲಿಗೆ ಯಾರದೇ ಗುರಿಯಾದರೂ ಕಳಚಿ ಬೀಳಬೇಕು. 1918ರ ನವೆಂಬರ್‌ನಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಸಂಬಳದಲ್ಲಿ ಉಳಿಸಿದರು. ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್. ನಾಲ್ಕು ವರ್ಷದ ಗಡುವು ಮೀರಲಿಲ್ಲ. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಬರೋಡದ ಆ ಹನ್ನೊಂದು ದಿನಗಳನ್ನು ಅವರು ಹದಿನೆಂಟು ವರ್ಷಗಳ ನಂತರ ಬರೆದಿಟ್ಟರು. ಇಂಗ್ಲಿಷಿನಲ್ಲಿ 'ವೇಟಿಂಗ್ ಫಾರ್ ಎ ವೀಸಾ' ಎಂಬ ಹೆಸರಿನ ಪುಟ್ಟ ಪುಸ್ತಕ ಅದು. ಓದದವರು ಓದಿ. ನೋವನ್ನು ಮರೆತು ಗುರಿ ಮುಟ್ಟಿದವರಲ್ಲ ಅವರು, ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ನಡೆದವರು.

ನಮ್ಮ ಮಂಗಳೂರಿನಲ್ಲೂ ಕಲ್ಲಿನ ಮೇಲೆ ಬರೆದ ಒಂದು ಕನಸಿದೆ. ಬಾಬುಗುಡ್ಡೆಯ ಕುದ್ಮುಲ್ ರಂಗರಾಯರ ಸಮಾಧಿಯಲ್ಲಿ. ನಮ್ಮ ಮಕ್ಕಳಿಗಾಗಿ 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಶಾಲೆ ತೆರೆದ ಸಾರಸ್ವತ ವಕೀಲರು ಅವರು. ತಾನು ಓದಿಸಿದ ದಲಿತ ಮಗು ದೊಡ್ಡ ಹುದ್ದೆಗೇರಿ, ಅದರ ಕಾರು ಈ ರಸ್ತೆಯಲ್ಲಿ ಓಡಿ, ಎದ್ದ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆ. ಜಾತಿಯವರ ಬಹಿಷ್ಕಾರ ಉಂಡು ಆ ಕೆಲಸ ಮಾಡಿದರು, ಗೌರವ ಸಲ್ಲಲೇಬೇಕು. (ಅವರ ಮಗಳು ರಾಧಾಬಾಯಿ ಸುಬ್ಬರಾಯನ್ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಬಾಬಾಸಾಹೇಬರ ಜೊತೆ ಪ್ರತಿನಿಧಿಯಾಗಿದ್ದರು.) ಆದರೂ ಅದು ನಮ್ಮ ಬಗ್ಗೆ ಇನ್ನೊಬ್ಬರು ಕಂಡ ಕನಸು. ಎಷ್ಟು ಒಳ್ಳೆಯದಾದರೂ ಕಾರಿನೊಳಗೆ ಕೂತವಳಿಗೆ ಎಲ್ಲಿಗೆ ಹೋಗಬೇಕಿತ್ತು ಎಂದು ಅದರಲ್ಲಿ ಬರೆದಿಲ್ಲ. ಅದನ್ನು ಅವಳೇ ಬರೆಯಬೇಕು.

ಆ ಅಕ್ಕನ ಮಗಳು ಹಾಗೆಯೇ ಮಾಡಿದ್ದಾಳೆ. ಅಮ್ಮನ ಕನಸುಗಳ ಪುಸ್ತಕವನ್ನೇ ತಿರುಗಿಸಿ, ಹಿಂದಿನ ಪುಟದಿಂದ ತನ್ನದನ್ನು ಆರಂಭಿಸಿದ್ದಾಳೆ. ಬ್ಯಾಂಕ್ ಪರೀಕ್ಷೆ. ಯಾವ ತಿಂಗಳು, ದಿನಕ್ಕೆ ಎಷ್ಟು ಲೆಕ್ಕ, ಭಾನುವಾರ ರಾತ್ರಿ ಎಷ್ಟಾಯಿತು ಎಂಬ ಗುರುತು. ಭಾನುವಾರದ ಆ ಗುರುತು ಇದೆಯಲ್ಲ, ಅದೇ ವೀಮಂಸಾ. ಕೆಲವು ವಾರ ಸೊನ್ನೆ ಇದೆ, ಅಳಿಸಿಲ್ಲ. ನಾನು ಪುಸ್ತಕದ ಒಳಗೆ ನೋಡಿದ್ದು ಅವಳೇ ತೆರೆದು ತೋರಿಸಿದ್ದರಿಂದ. ನೀವು ಯಾರಿಗೂ ತೋರಿಸಬೇಕಾಗಿಲ್ಲ, ಈ ಗುಂಪಿನಲ್ಲಿ ಫೋಟೋ ಹಾಕುವುದಂತೂ ಬೇಡ.

ಗಂಡಸರು ಕೆಲವರು "ನಮಗೆ ಕನಸೇ ಬೀಳುವುದಿಲ್ಲ" ಎಂದು ನಗಬಹುದು. ಒಂದು ವಾರ ಬರೆಯಲು ಕೂತು ನೋಡಿ, ಆಮೇಲೆ ಹೇಳಿ. ನೋಟ್‌ಬುಕ್ ಕೊಳ್ಳಲು ಅನುಕೂಲ ಇಲ್ಲದವರು ಭಾನುವಾರ ಬಂದಾಗ ನನ್ನ ಹತ್ತಿರ ಕೇಳಿ ಪಡೆಯಿರಿ, ಇಪ್ಪತ್ತು ತೆಗೆದಿಟ್ಟಿದ್ದೇನೆ. ಓದು ಈ ಸಲ ಅಂಗುತ್ತರ ನಿಕಾಯದಲ್ಲಿ ಬರುವ ಐದು ಮಹಾಸ್ವಪ್ನಗಳದ್ದು: ಬೋಧಿಗೆ ಮುಂಚೆ ಸಿದ್ಧಾರ್ಥರಿಗೆ ಕಂಡವು. ನಾಲ್ಕು ಬಣ್ಣದ ನಾಲ್ಕು ಹಕ್ಕಿಗಳು ನಾಲ್ಕು ದಿಕ್ಕಿನಿಂದ ಹಾರಿಬಂದು ಅವರ ಕಾಲ ಬಳಿ ಬಿದ್ದು ಎಲ್ಲವೂ ಬೆಳ್ಳಗಾಗುವ ಕನಸು ಅದರಲ್ಲಿದೆ. ಆ ನಾಲ್ಕು ಬಣ್ಣ ಯಾವುವು ಎಂದು ಬರುವ ಮುಂಚೆ ಮನೆಯಲ್ಲಿ ಒಮ್ಮೆ ಮಾತಾಡಿಕೊಂಡು ಬನ್ನಿ.

ಜೈ ಭೀಮ್.