ಬೆಳೆ ರಕ್ಷಣೆಯ ಕೋವಿಗೆ ತುಕ್ಕು: ತಡೆಯುವ ಮತ್ತು ತೆಗೆಯುವ ಕ್ರಮ

ಮೈಸೂರಿನಿಂದ ಹೊರಟು ಹಿನಕಲ್ ದಾಟಿ ಹುಣಸೂರಿನ ಕಡೆಗೆ ಹೋಗುವ ರಸ್ತೆಯೇ ಮುಂದೆ ಕೊಡಗನ್ನು ಸೇರುತ್ತದೆ. ಹಿನಕಲ್ ಸುತ್ತಮುತ್ತ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾದರೆ, ಮಡಿಕೇರಿಯಲ್ಲಿ ಮಳೆಯ ಪ್ರಮಾಣ 3000 ಮಿ.ಮೀ. ಮೀರುತ್ತದೆ. ಹಿನಕಲ್ಲಿನ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುವ ಕೋವಿಗೆ ಕೊಡಗಿನ ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ತುಕ್ಕು ಹತ್ತಬಹುದು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರವು 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿದೆ. ಉಳಿದೆಡೆ ರೈತರು ಬೆಳೆ ರಕ್ಷಣೆಗಾಗಿ ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಳ್ಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೋವಿಯ ಬಳಕೆ ಕಡಿಮೆಯಾಗಿದೆ. ಅನುಮತಿಯಿಲ್ಲದೆ ಕಾಡುಹಂದಿಯನ್ನೂ ಕೊಲ್ಲುವಂತಿಲ್ಲ. ಹೀಗೆ ಬಳಕೆ ಕಡಿಮೆಯಾದ ಕೋವಿಯೇ ಮೂಲೆಯಲ್ಲಿ ಕುಳಿತು ಹೆಚ್ಚು ತುಕ್ಕು ಹಿಡಿಯುತ್ತದೆ. ತುಕ್ಕಿನಿಂದ ತೆಳುವಾದ ನಳಿಗೆ ಗುಂಡು ಹಾರಿಸುವಾಗ ಸಿಡಿದರೆ ಕೈ ಅಥವಾ ಕಣ್ಣು ಹೋಗುವ ಅಪಾಯವಿದೆ.

ತುಕ್ಕು ಏಕೆ ಹಿಡಿಯುತ್ತದೆ?

ಕಬ್ಬಿಣವು ನೀರಿನ ಅಂಶ ಮತ್ತು ಗಾಳಿಯ ಆಮ್ಲಜನಕದೊಡನೆ ಸೇರಿದಾಗ ತುಕ್ಕಾಗುತ್ತದೆ. ಗಾಳಿಯ ತೇವಾಂಶ ಶೇಕಡ 60ನ್ನು ಮೀರಿದರೆ ಈ ಕ್ರಿಯೆ ಚುರುಕಾಗುತ್ತದೆ. ಉಪ್ಪು ಸೇರಿದರೆ ಇನ್ನೂ ವೇಗವಾಗುತ್ತದೆ. ಕೈಬೆವರಿನಲ್ಲಿ ಉಪ್ಪು ಇರುವುದರಿಂದಲೇ ಮುಟ್ಟಿದ ಕಡೆ ಬೆರಳ ಗುರುತಿನ ಆಕಾರದಲ್ಲಿ ತುಕ್ಕು ಏಳುವುದುಂಟು.

ಆದರೆ ನಳಿಗೆಯ ಒಳಗನ್ನು ಹೆಚ್ಚಾಗಿ ಕೆಡಿಸುವುದು ಹೊರಗಿನ ಮಳೆಯಲ್ಲ, ಸುಟ್ಟ ಮದ್ದಿನ ಕಿಟ್ಟ. ಕಪ್ಪು ಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಇರುತ್ತವೆ. ಇದು ಉರಿದ ಮೇಲೆ ಪೊಟ್ಯಾಸಿಯಂ ಲವಣಗಳು ನಳಿಗೆಯಲ್ಲಿ ಉಳಿದು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹಳೆಯ ಬಗೆಯ ಕೇಪುಗಳಿಂದಲೂ ಇಂಥದೇ ಲವಣ ಉಳಿಯುತ್ತದೆ.

ಮೊದಲು ನೀರು, ಆಮೇಲೆ ಎಣ್ಣೆ

ಕಬ್ಬಿಣಕ್ಕೆ ನೀರು ತಾಗಬಾರದೆಂದು ಹೆದರಿ ಕೆಲವರು ಬರೀ ಎಣ್ಣೆ ಸವರಿ ಕೋವಿಯನ್ನು ಒಳಗಿಡುತ್ತಾರೆ. ಇದು ತಪ್ಪು. ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಎಣ್ಣೆಯ ಕೆಳಗೆ ಉಳಿದ ಉಪ್ಪು ಒಳಗೊಳಗೇ ಲೋಹವನ್ನು ತಿನ್ನುತ್ತದೆ.

ಯಾವ ಕೆಲಸಕ್ಕೂ ಮುನ್ನ ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ತೋಟೆ ಕೋವಿಯನ್ನು ಮುರಿದು ತೆರೆದು ನೋಡಬೇಕು. ಕೇಪಿನ ಕೋವಿಯಾದರೆ ಕೇಪು ತೆಗೆದು, ಬಾಯಿಗೆ ಮುಖವೊಡ್ಡದೆ, ಗಜವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಬೇಕು. ಅದೇ ಗಜವನ್ನು ಹೊರಗೆ ನಳಿಗೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ತಳದವರೆಗೆ ಹೋಗಿತ್ತೇ, ನಡುವೆ ಮದ್ದುಗುಂಡು ಇದೆಯೇ ಎಂಬುದು ತಿಳಿಯುತ್ತದೆ. ಇದ್ದರೆ ತಾವೇ ಕೈಹಾಕದೆ ಲೈಸೆನ್ಸ್ ಇರುವ ಕೋವಿ ದುರಸ್ತಿಗಾರರಿಂದ ತೆಗೆಸಬೇಕು.

ಕಪ್ಪು ಮದ್ದು ಬಳಸಿದ ಕೋವಿಯನ್ನು ಅದೇ ದಿನ ಹೀಗೆ ತೊಳೆಯಬೇಕು:

1. ಬಿಚ್ಚಲು ಬರುವ ಕೋವಿಯಾದರೆ ನಳಿಗೆಯನ್ನು ಮರದಿಂದ ಬೇರ್ಪಡಿಸಬೇಕು. ಮರಕ್ಕೂ ಕುದುರೆಯ ಯಂತ್ರಕ್ಕೂ ನೀರು ತಾಗಬಾರದು.

2. ಗಜದ ತುದಿಗೆ ಬಟ್ಟೆ ಸುತ್ತಿ, ಬಿಸಿನೀರಿನಿಂದ ಒಳಗನ್ನು ಮತ್ತೆ ಮತ್ತೆ ತೊಳೆಯಬೇಕು. ಬಟ್ಟೆ ಕಪ್ಪಾಗದೆ ಹೊರಬರುವವರೆಗೆ ಬಿಡಬಾರದು.

3. ಒಣಬಟ್ಟೆಯಿಂದ ಒರೆಸಬೇಕು. ನೀರು ಬಿಸಿಯಾಗಿದ್ದರೆ ನಳಿಗೆಯೂ ಬಿಸಿಯಾಗಿ ಉಳಿದ ತೇವ ಬೇಗ ಆರುತ್ತದೆ.

4. ಪೂರ್ತಿ ಒಣಗಿದ ಮೇಲೆ ಎಣ್ಣೆಯನ್ನು ತೆಳುವಾಗಿ ಸವರಬೇಕು.

5. ಮರುದಿನ ಬಿಳಿಬಟ್ಟೆ ಹಾಯಿಸಿ ನೋಡಬೇಕು. ಅದು ಕಂದಾಗಿ ಬಂದರೆ ಮತ್ತೆ ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು.

ಈಗಿನ ಹೊಗೆಯಿಲ್ಲದ ಮದ್ದಿನ ತೋಟೆಗಳಿಗೆ ಸಾಮಾನ್ಯವಾಗಿ ನೀರಿನ ಅಗತ್ಯವಿಲ್ಲ. ಕುಂಚದಿಂದ ಕಿಟ್ಟ ತೆಗೆದು ಎಣ್ಣೆ ಹಾಕಿದರೆ ಸಾಕು.

ಯಾವ ಎಣ್ಣೆ?

ಕೋವಿಗೆಂದೇ ಮಾರುವ ಎಣ್ಣೆ ಉತ್ತಮ. ಅದು ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಳಸಬಹುದು. ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಹಳತಾದರೆ ಕಮಟು ಹಿಡಿದು ಆಮ್ಲ ಹೆಚ್ಚುತ್ತದೆ. ಸೀಮೆಎಣ್ಣೆ ಕೊಳೆ ಬಿಡಿಸಲು ಒಳ್ಳೆಯದು, ಆದರೆ ಬೇಗ ಆರಿಹೋಗುವುದರಿಂದ ಅದನ್ನೇ ರಕ್ಷಣೆಯೆಂದು ನಂಬಬಾರದು. ಎಣ್ಣೆ ಅತಿಯಾದರೂ ಮರಕ್ಕೆ ಇಳಿದು ಮರ ಮೆತ್ತಗಾಗುತ್ತದೆ.

ಹಿಡಿದ ತುಕ್ಕನ್ನು ತೆಗೆಯುವುದು

ಮೇಲೆ ಕಾಣುವ ಕೆಂಪು ತುಕ್ಕಿಗೆ ತೆಳು ಎಣ್ಣೆ ಅಥವಾ ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಒರಟು ಬಟ್ಟೆಯಿಂದ ಉಜ್ಜಬೇಕು. ಹೋಗದಿದ್ದರೆ ಅತಿ ನವಿರಾದ ಉಕ್ಕಿನ ನಾರನ್ನು ಎಣ್ಣೆಯಲ್ಲಿ ಅದ್ದಿ, ಒತ್ತದೆ ಉಜ್ಜಬೇಕು. ನಳಿಗೆಯ ಒಳಗೆ ಹಿತ್ತಾಳೆ ಅಥವಾ ಕಂಚಿನ ತಂತಿಯ ಕುಂಚ ಬಳಸಬೇಕು. ಇವು ಉಕ್ಕಿಗಿಂತ ಮೃದುವಾದ್ದರಿಂದ ಗೀರು ಬೀಳುವುದಿಲ್ಲ.

ಉಪ್ಪುಕಾಗದ, ಇಟ್ಟಿಗೆಪುಡಿ, ಬೂದಿಗಳಿಂದ ಉಜ್ಜಬಾರದು. ಗೀರುಗಳಲ್ಲಿ ತೇವ ನಿಂತು ಮತ್ತೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಪಾತ್ರೆಗೆ ಹಾಕುವಂತೆ ಹುಣಸೆಹಣ್ಣು, ನಿಂಬೆರಸ ಹಾಕುವುದೂ ಸರಿಯಲ್ಲ. ನಳಿಗೆಯ ಮೇಲಿನ ನೀಲಿಗಪ್ಪು ಲೇಪವೂ ಕಬ್ಬಿಣದ ಆಕ್ಸೈಡೇ ಆದ್ದರಿಂದ ಹುಳಿ ತುಕ್ಕಿನೊಡನೆ ಆ ಲೇಪವನ್ನೂ ತೆಗೆದುಬಿಡುತ್ತದೆ.

ತುಕ್ಕು ಹೋದ ಮೇಲೆ ಬೆಳಕಿನೆದುರು ನಳಿಗೆಯೊಳಗೆ ನೋಡಬೇಕು. ತೋಟೆ ಕೋವಿಯಲ್ಲಿ ಇದು ಸುಲಭ. ಕೇಪಿನ ಕೋವಿಯನ್ನು ದುರಸ್ತಿಗಾರರಿಗೇ ತೋರಿಸುವುದು ಲೇಸು. ಗುಳಿಗಳು, ಬಿರುಕು ಅಥವಾ ಉಬ್ಬು ಕಂಡರೆ ಆ ಕೋವಿಯಿಂದ ಗುಂಡು ಹಾರಿಸಬಾರದು. ಗುಳಿಯನ್ನು ಉಜ್ಜಿ ನಯ ಮಾಡಿದರೆ ಕಬ್ಬಿಣ ಇನ್ನಷ್ಟು ತೆಳುವಾಗುತ್ತದೆಯೇ ಹೊರತು ಬಲ ಬರುವುದಿಲ್ಲ. ಅಜ್ಜನ ಕಾಲದ ಕೋವಿಗಳಲ್ಲಿ ಮರದ ಅಡಿಯಲ್ಲಿ ಮುಚ್ಚಿಹೋದ ಭಾಗವನ್ನು ಮರೆಯದೆ ಪರೀಕ್ಷಿಸಬೇಕು.

ಇಡುವ ಬಗೆ

ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿಡಬಾರದು. ಚೀಲ ತೇವವನ್ನು ಹಿಡಿದಿಡುತ್ತದೆ. ರಸಗೊಬ್ಬರ, ಉಪ್ಪು, ಬ್ಲೀಚಿಂಗ್ ಪುಡಿ ಇರುವ ಕೋಣೆಯೂ ತಕ್ಕದ್ದಲ್ಲ. ಖಾಲಿ ಮಾಡಿ, ಬೀಗವಿರುವ ಒಣ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ಆಗಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ನಳಿಗೆಯ ಬಾಯಿಗೆ ಬಟ್ಟೆ ತುರುಕಬಾರದು. ಒಳಗೆ ತೇವ ನಿಲ್ಲುತ್ತದೆ, ಮರೆತು ಹಾರಿಸಿದರೆ ನಳಿಗೆ ಒಡೆಯುತ್ತದೆ. ಕಣಜ ಮಣ್ಣಿನ ಗೂಡು ಕಟ್ಟಿದ್ದರೂ ಅದೇ ಅಪಾಯ.

ಚುನಾವಣೆಯ ಕಾಲದಲ್ಲಿ ಠೇವಣಿ ಇಡಬೇಕೆಂದು ಆದೇಶ ಬಂದರೆ, ತೊಳೆದು, ಒಣಗಿಸಿ, ಎಂದಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಹಾಕಿ ಒಪ್ಪಿಸಬೇಕು. ಮರಳಿ ಪಡೆದ ದಿನವೇ ಪರೀಕ್ಷಿಸಬೇಕು. ಹಾರಿಸುವ ಮುನ್ನ ನಳಿಗೆಯೊಳಗಿನ ಎಣ್ಣೆಯನ್ನು ಒರೆಸಿ ತೆಗೆಯಬೇಕು.

ಪರೀಕ್ಷೆಯ ದಿನಗಳು

ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಪೋಳ್ದ್ ಹಬ್ಬಕ್ಕೆ ಕೋವಿಗಳನ್ನು ಹೊರತೆಗೆದು, ಶುಚಿಮಾಡಿ, ತೋಕ್ ಪೂ ಎಂಬ ಗೌರಿಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಹಿನಕಲ್ ಕಡೆಯವರಿಗೆ ಆಯುಧಪೂಜೆ ಇದೆ. ಹೂವಿಡುವ ಮುನ್ನ ನಳಿಗೆಯ ಒಳಗನ್ನೂ ಒಮ್ಮೆ ನೋಡುವುದು ಒಳ್ಳೆಯದು. ಆದರೆ ಹಬ್ಬಕ್ಕೊಮ್ಮೆ ನೋಡಿದರೆ ಸಾಲದು. ಬಳಸಿದ ದಿನವೇ ತೊಳೆಯಬೇಕು. ಬಳಸದಿದ್ದರೂ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಒರೆಸಿ ಎಣ್ಣೆ ಸವರಬೇಕು. ಇಷ್ಟು ಮಾಡಿದರೆ ಕೋವಿಯೂ ಉಳಿಯುತ್ತದೆ, ಅದನ್ನು ಹಿಡಿದ ಕೈಯೂ ಉಳಿಯುತ್ತದೆ.