ತೊಗರಿ ಹೊಲದಿಂದ ಕಾಫಿ ತೋಟಕ್ಕೆ: ‘ಬೆಳೆಯ ಮೂಲ’ ಕುರಿತ ಒಂದು ವಿಜ್ಞಾನ ಪಾಠ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಸೇಡಂ ತಾಲ್ಲೂಕಿನ ಕುರಕುಂಟಾದ ಪ್ರೌಢಶಾಲೆಯೊಂದರಲ್ಲಿ 10ನೇ ತರಗತಿಗೆ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕವನ್ನು ಬೋಧಿಸಿದೆ. ಸಸ್ಯಗಳ ಬೆಳವಣಿಗೆಗೆ ಮಣ್ಣಿನ ಪಿ.ಎಚ್. ಮೌಲ್ಯ ಮುಖ್ಯ ಎಂಬ ಅಂಶ ಪಠ್ಯದಲ್ಲಿ ಕೆಲವೇ ವಾಕ್ಯಗಳಲ್ಲಿ ಮುಗಿಯುತ್ತದೆ. ಅದನ್ನು 40 ನಿಮಿಷಗಳ ಎರಡು ಅವಧಿಗಳಿಗೆ ವಿಸ್ತರಿಸಿ, ಸಣ್ಣ ಬೆಳೆಗಾರರು ಬೆಳೆಯುವ ‘ಒಂದೇ ಮೂಲದ ಕಾಫಿ’ಯನ್ನು ವಿಷಯವಾಗಿ ತೆಗೆದುಕೊಂಡೆ. ತೊಗರಿಯ ನಾಡಿನಲ್ಲಿ, ಅದೂ ಚಹಾ ಕುಡಿಯುವ ಊರಿನಲ್ಲಿ, ಕಾಫಿಯ ಪಾಠ ಏಕೆ ಎಂದು ಮಾರ್ಗದರ್ಶಕ ಶಿಕ್ಷಕರು ಮೊದಲೇ ಕೇಳಿದ್ದರು. ಆ ಪ್ರಶ್ನೆಗೆ ಉತ್ತರವೇ ಈ ಲೇಖನದ ತಿರುಳು: ತನ್ನ ಹೊಲದ ಬೆಳೆಯನ್ನು ವಿದ್ಯಾರ್ಥಿ ಹೊಸದಾಗಿ ನೋಡಬೇಕಾದರೆ ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದು ಬೆಳೆ ಬೇಕು.

ಪೂರ್ವಜ್ಞಾನ

ತರಗತಿಯ ಬಹುಪಾಲು ಮಕ್ಕಳು ಒಣಬೇಸಾಯದ ಕುಟುಂಬದವರು. ತೊಗರಿ ಬಿತ್ತನೆ, ನೆಟೆ ರೋಗ, ರಾಶಿ, ಅಡತಿ ಅಂಗಡಿ, ದಾಲ್ ಮಿಲ್ ಇವೆಲ್ಲ ಅವರಿಗೆ ಗೊತ್ತು. ಸುಣ್ಣಕಲ್ಲು, ಫರಸಿ, ಸಿಮೆಂಟ್ ಕಾರ್ಖಾನೆಗಳ ಪರಿಚಯವೂ ಇದೆ. ಕಾಫಿ ಎಂದರೆ ಐದು ರೂಪಾಯಿಯ ಪ್ಯಾಕೆಟ್‌ನ ಪುಡಿ ಎಂಬುದಷ್ಟೇ ಹೆಚ್ಚಿನವರ ತಿಳಿವಳಿಕೆ. ಅದು ಹಣ್ಣಿನೊಳಗಿನ ಬೀಜ ಎಂದು ಇಬ್ಬರು ಮಾತ್ರ ಹೇಳಿದರು.

ಕಲಿಕಾ ಉದ್ದೇಶಗಳು

1. ಎರಡು ಬಗೆಯ ಮಣ್ಣುಗಳ ಪಿ.ಎಚ್. ಮೌಲ್ಯವನ್ನು ಪರೀಕ್ಷಿಸಿ ಹೋಲಿಸುವುದು.
2. ಕಾರ್ಬೊನೇಟ್ ಮತ್ತು ಆಮ್ಲದ ವರ್ತನೆಯನ್ನು ತಮ್ಮ ಹೊಲದ ಮಣ್ಣಿನಲ್ಲಿಯೇ ಗುರುತಿಸುವುದು.
3. ಎತ್ತರ, ಮಳೆ, ಉಷ್ಣಾಂಶ ಮತ್ತು ಮಣ್ಣು ಬೆಳೆಯ ಗುಣವನ್ನು ಹೇಗೆ ನಿರ್ಧರಿಸುತ್ತವೆ ಎಂದು ವಿವರಿಸುವುದು.
4. ತೇವಾಂಶದ ಲೆಕ್ಕವನ್ನು ಸರಿಯಾಗಿ ಮಾಡುವುದು.
5. ಬೆಳೆಯ ಮೂಲದ ಹೆಸರು ರೈತನಿಗೆ ಯಾವಾಗ ಲಾಭ ತರುತ್ತದೆ, ಯಾವಾಗ ತರುವುದಿಲ್ಲ ಎಂದು ಚರ್ಚಿಸುವುದು.

ಬೋಧನೋಪಕರಣಗಳು

ಕುರಕುಂಟಾ ಸುತ್ತಲಿನ ಹೊಲದ ಕಪ್ಪು ಮಣ್ಣು, ಮೂಡಿಗೆರೆ ಕಡೆಯ ಸಹಪಾಠಿಯೊಬ್ಬರು ಕಳಿಸಿಕೊಟ್ಟ ಕಾಫಿ ತೋಟದ ಮಣ್ಣು, ಸುಣ್ಣಕಲ್ಲಿನ ಚೂರು, ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ, ಪಿ.ಎಚ್. ಕಾಗದ, ಹುರಿಯದ ಕಾಫಿ ಬೀಜ, ಹುರಿದ ಕಾಫಿ ಬೀಜ, ತೊಗರಿ ಕಾಳು, ಕರ್ನಾಟಕದ ನಕ್ಷೆ.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆ: ಹುರಿಯದ ಕಾಫಿ ಬೀಜವನ್ನು ಹೆಸರು ಹೇಳದೆ ಗುಂಪುಗಳಿಗೆ ಹಂಚಿದೆ. ಶೇಂಗಾ, ಒಣಗಿದ ಬಟಾಣಿ ಎಂಬ ಉತ್ತರಗಳು ಬಂದವು. ಹುರಿದ ಬೀಜವನ್ನು ಕೊಟ್ಟಾಗ ವಾಸನೆಯಿಂದ ತಕ್ಷಣ ಗುರುತಿಸಿದರು. ಹಸಿ ಬೀಜಕ್ಕೆ ಇಲ್ಲದ ವಾಸನೆ ಹುರಿದಾಗ ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದ ಪಾಠ ಆರಂಭವಾಯಿತು. ಬೀಜದಲ್ಲಿರುವ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಬಿಸಿಯಲ್ಲಿ ವರ್ತಿಸಿ ಹೊಸ ಸಂಯುಕ್ತಗಳಾಗುತ್ತವೆ. ರೊಟ್ಟಿ ಸುಡುವಾಗ ಬರುವ ವಾಸನೆಗೂ ಇದೇ ಬಗೆಯ ಕ್ರಿಯೆ ಕಾರಣ ಎಂದು ವಿವರಿಸಿದೆ. ಹುರಿದಾಗ ಯಾವ ಸಂಯುಕ್ತಗಳು ಉಂಟಾಗುತ್ತವೆ ಎಂಬುದು ಬೀಜದಲ್ಲಿ ಮೊದಲೇ ಇರುವ ಅಂಶಗಳನ್ನು ಅವಲಂಬಿಸಿರುತ್ತದೆ. ಆದ್ದರಿಂದ ಬೀಜ ಎಲ್ಲಿ, ಹೇಗೆ ಬೆಳೆಯಿತು ಎಂಬುದು ಮುಖ್ಯವಾಗುತ್ತದೆ.

ಅನ್ವೇಷಣೆ: ಎರಡೂ ಮಣ್ಣುಗಳನ್ನು ಬೇರೆ ಬೇರೆ ಗಾಜಿನ ಲೋಟಗಳಲ್ಲಿ ಬಟ್ಟಿ ಇಳಿಸಿದ ನೀರಿಗೆ ಹಾಕಿ ಕಲಕಿ, ತಿಳಿಯಾಗಲು ಬಿಟ್ಟು, ಸೋಸಿ, ಪಿ.ಎಚ್. ಕಾಗದ ಅದ್ದಲಾಯಿತು. ಹೊಲದ ಮಣ್ಣಿನ ತಿಳಿ ಸುಮಾರು 8, ತೋಟದ ಮಣ್ಣಿನ ತಿಳಿ ಸುಮಾರು 6 ತೋರಿಸಿತು. ಬಳಿಕ ಎರಡೂ ಒಣ ಮಣ್ಣುಗಳ ಮೇಲೆ ಆಮ್ಲದ ಹನಿಗಳನ್ನು ನಾನೇ ಹಾಕಿದೆ. ತೋಟದ ಮಣ್ಣಿನಲ್ಲಿ ಏನೂ ಆಗಲಿಲ್ಲ. ಹೊಲದ ಮಣ್ಣು ಬುರುಗು ಎದ್ದಿತು. ಸುಣ್ಣಕಲ್ಲಿನ ಚೂರಿನ ಮೇಲೆ ಹಾಕಿದಾಗಲೂ ಅದೇ ಬುರುಗು. “ನಮ್ಮ ಹೊಲದಾಗ ಸಿಮೆಂಟಿನ ಕಲ್ಲು ಅದಾವ ಅಂದಂಗಾಯ್ತಲ್ರಿ ಟೀಚರ್” ಎಂದು ಒಬ್ಬ ಹುಡುಗ ಹೇಳಿದ. ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು. ಕಾರ್ಬೊನೇಟ್ ಮತ್ತು ಆಮ್ಲ ವರ್ತಿಸಿ ಲವಣ, ನೀರು ಹಾಗೂ ಇಂಗಾಲದ ಡೈಆಕ್ಸೈಡ್ ಆಗುವ ಸಮೀಕರಣವನ್ನು ಮಕ್ಕಳೇ ಪೂರ್ಣಗೊಳಿಸಿದರು.

ವಿವರಣೆ: ಕಾಫಿ ಗಿಡ ಸ್ವಲ್ಪ ಆಮ್ಲೀಯ ಮಣ್ಣನ್ನು ಬಯಸುತ್ತದೆ. ಸುಣ್ಣ ಹೆಚ್ಚಿರುವ ಪ್ರತ್ಯಾಮ್ಲೀಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಎಲೆ ಹಳದಿಯಾಗುತ್ತದೆ. ತೊಗರಿ ನಮ್ಮ ಮಣ್ಣಿಗೆ ಹೊಂದಿಕೊಂಡ ಬೆಳೆ. ಮುಂದೆ ಈ ಕೋಷ್ಟಕವನ್ನು ಮಕ್ಕಳ ಜೊತೆಗೂಡಿ ತುಂಬಿಸಿದೆವು.

ಎತ್ತರ (ಸಮುದ್ರ ಮಟ್ಟದಿಂದ): ಅರೇಬಿಕಾ 1000–1500 ಮೀಟರ್, ರೋಬಸ್ಟಾ 500–1000 ಮೀಟರ್, ಕಲಬುರಗಿ ಸುಮಾರು 450 ಮೀಟರ್.
ವಾರ್ಷಿಕ ಮಳೆ: ಅರೇಬಿಕಾ 1600–2500 ಮಿ.ಮೀ.; ರೋಬಸ್ಟಾ 1000–2000 ಮಿ.ಮೀ.; ಕಲಬುರಗಿ ಜಿಲ್ಲೆ 700–800 ಮಿ.ಮೀ.
ಉಷ್ಣಾಂಶ: ಅರೇಬಿಕಾ 15–25 ಡಿಗ್ರಿ, ರೋಬಸ್ಟಾ 20–30 ಡಿಗ್ರಿ, ನಮ್ಮಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ.

ಕುರಕುಂಟಾದಲ್ಲಿ ಕಾಫಿ ಏಕೆ ಬೆಳೆಯುವುದಿಲ್ಲ ಎಂಬುದಕ್ಕೆ ನಾಲ್ಕು ಕಾರಣಗಳು ಹೀಗೆ ಮಕ್ಕಳ ಕೈಗೇ ಸಿಕ್ಕವು. ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಅದರಲ್ಲಿನ ಸಕ್ಕರೆ ಮತ್ತು ಆಮ್ಲಗಳ ಪ್ರಮಾಣ ಬದಲಾಗುತ್ತದೆ. ಒಂದು ಬೆಟ್ಟದ ಕಾಫಿ ಇನ್ನೊಂದು ಬೆಟ್ಟದ ಕಾಫಿಯಂತೆ ರುಚಿಸದಿರಲು ಇದು ಮುಖ್ಯ ಕಾರಣಗಳಲ್ಲೊಂದು.

ಎರಡನೇ ಅವಧಿ

‘ಒಂದೇ ಮೂಲ’ ಎಂದರೇನು: ಅಂಗಡಿಯ ಸಾಮಾನ್ಯ ಪುಡಿಯಲ್ಲಿ ಹಲವು ಊರು, ಹಲವು ದರ್ಜೆಯ ಬೀಜಗಳು ಬೆರೆತಿರುತ್ತವೆ, ಚಿಕೋರಿಯೂ ಸೇರಿರಬಹುದು. ಒಂದೇ ಪ್ರದೇಶದ ಅಥವಾ ಒಂದೇ ತೋಟದ ಬೀಜವನ್ನು ಬೇರೆಯವುಗಳೊಂದಿಗೆ ಬೆರೆಸದೆ ಮಾರಿದರೆ ಅದು ಒಂದೇ ಮೂಲದ ಕಾಫಿ. ‘ಸ್ಪೆಷಾಲ್ಟಿ’ ಎಂಬುದು ಬೇರೆ ಮಾತು. ತರಬೇತಿ ಪಡೆದವರು ರುಚಿ ನೋಡಿ 100ಕ್ಕೆ ಅಂಕ ಕೊಡುತ್ತಾರೆ. 80 ಅಥವಾ ಅದಕ್ಕಿಂತ ಹೆಚ್ಚು ಬಂದ ಕಾಫಿಯನ್ನು ಹಾಗೆ ಕರೆಯುವುದು ರೂಢಿ. ಒಂದೇ ಮೂಲದ್ದೆಲ್ಲ ಒಳ್ಳೆಯ ಕಾಫಿಯಾಗಬೇಕಿಲ್ಲ. ಮೊದಲನೆಯದು ವಿಳಾಸ, ಎರಡನೆಯದು ಪರೀಕ್ಷೆಯ ಫಲಿತಾಂಶ ಎಂದಾಗ ವ್ಯತ್ಯಾಸ ಸುಲಭವಾಗಿ ತಿಳಿಯಿತು.

ಸಣ್ಣ ಬೆಳೆಗಾರರು: ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. 10 ಹೆಕ್ಟೇರಿಗಿಂತ ಕಡಿಮೆ ಇರುವ ಹಿಡುವಳಿಯನ್ನು ಕಾಫಿ ಮಂಡಳಿ ಸಣ್ಣ ಹಿಡುವಳಿ ಎಂದು ಪರಿಗಣಿಸುತ್ತದೆ. ಒಟ್ಟು ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು ಇಂಥವೇ. ನಕ್ಷೆಯಲ್ಲಿ ಚಿಕ್ಕಮಗಳೂರು, ಕೊಡಗು, ಹಾಸನಗಳ ಜೊತೆಗೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನೂ ಗುರುತಿಸಿದೆವು. ಅಲ್ಲಿನ ಸೋಲಿಗ ಕುಟುಂಬಗಳು ಕಾಡಿನ ಮರಗಳ ನೆರಳಿನಲ್ಲಿ ತುಂಡು ಭೂಮಿಯಲ್ಲಿ ಕಾಫಿ ಬೆಳೆಯುತ್ತವೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಆ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕು ದೊರೆಯಿತು. ಬೆಂಗಳೂರಿನ ಬ್ಲ್ಯಾಕ್ ಬಾಜಾ ಕಾಫಿಯಂಥ ಸಂಸ್ಥೆಗಳು ಅಲ್ಲಿನ ಕಾಫಿಯನ್ನು ಬೆಟ್ಟದ ಹೆಸರಿನಲ್ಲಿಯೇ ಕುಡಿಯುವವರಿಗೆ ತಲುಪಿಸುತ್ತಿವೆ. ನೆರೆಯ ಆಂಧ್ರದ ಅರಕು ಕಣಿವೆಯಲ್ಲಿಯೂ ಆದಿವಾಸಿ ರೈತರ ಕಾಫಿ ಇದೇ ರೀತಿ ಹೆಸರು ಮಾಡಿದೆ.

ಕಣದ ಕೆಲಸ ಮತ್ತು ತೇವಾಂಶದ ಲೆಕ್ಕ: ಒಳ್ಳೆಯ ಕಾಫಿಗೆ ಕೆಂಪಗೆ ಮಾಗಿದ ಹಣ್ಣನ್ನಷ್ಟೇ ಕೊಯ್ಯಬೇಕು. ಗಿಡದಲ್ಲಿ ಎಲ್ಲ ಹಣ್ಣು ಒಟ್ಟಿಗೆ ಮಾಗುವುದಿಲ್ಲ. ಹಾಗಾಗಿ ಮೂರು ನಾಲ್ಕು ಸುತ್ತು ಕೊಯ್ಲು, ಅಷ್ಟೇ ಸಲ ಕೂಲಿ. ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ತೆಗೆದು, ಅಂಟಿದ ಲೋಳೆ ಬಿಡಲು ಹುದುಗಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಚೆರ್ರಿ. ಪಾರ್ಚ್‌ಮೆಂಟನ್ನು ಸುಮಾರು ಶೇ. 10 ತೇವಾಂಶಕ್ಕೆ ತರಬೇಕು. ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ.

ಇಲ್ಲಿಂದ ತೊಗರಿಗೆ ಬಂದೆವು. ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಯ ತೇವಾಂಶ ಶೇ. 12ನ್ನು ಮೀರಬಾರದು. ಶೇ. 18 ತೇವಾಂಶವಿರುವ 100 ಕೆ.ಜಿ. ತೊಗರಿಯನ್ನು ಶೇ. 12ಕ್ಕೆ ಒಣಗಿಸಿದರೆ ಎಷ್ಟು ತೂಕ ಉಳಿಯುತ್ತದೆ ಎಂದು ಕೇಳಿದೆ. ಬಹುತೇಕ ಎಲ್ಲರೂ 94 ಎಂದರು. ಒಣಗಿಸಿದರೂ ಬದಲಾಗದೆ ಉಳಿಯುವುದು ಯಾವುದು ಎಂದು ಮತ್ತೆ ಕೇಳಿದಾಗ ‘ಕಾಳಿನ ಒಣ ಭಾಗ’ ಎಂಬ ಉತ್ತರ ಬಂತು. ಅದು 82 ಕೆ.ಜಿ. ಒಣಗಿದ ಮೇಲೆ ಈ 82 ಕೆ.ಜಿ. ಎಂಬುದು ಹೊಸ ತೂಕದ ಶೇ. 88. ಆದ್ದರಿಂದ ಹೊಸ ತೂಕ 82 ÷ 0.88 = 93.18 ಕೆ.ಜಿ. ವ್ಯತ್ಯಾಸ ಮುಕ್ಕಾಲು ಕೆ.ಜಿ.ಗಿಂತ ಹೆಚ್ಚು. “ಹತ್ತು ಕ್ವಿಂಟಲ್‌ಗ ಎಂಟು ಕೆ.ಜಿ. ಆಯ್ತಲ್ರಿ!” ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ಶೇ. 50 ತೇವಾಂಶದ 100 ಕೆ.ಜಿ. ಪಾರ್ಚ್‌ಮೆಂಟನ್ನು ಶೇ. 10ಕ್ಕೆ ತಂದರೆ 55.56 ಕೆ.ಜಿ. ಉಳಿಯುತ್ತದೆ ಎಂಬ ಎರಡನೇ ಲೆಕ್ಕವನ್ನು ಅವರೇ ಬಿಡಿಸಿದರು.

ವಿಸ್ತರಣೆ, ಹೆಸರು ಮತ್ತು ಬೆಲೆ: 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೋಬಸ್ಟಾ, ಅರಕು ಕಣಿವೆ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದೇ ವರ್ಷ ‘ಗುಲ್ಬರ್ಗಾ ತೊಗರಿ ಬೇಳೆ’ಗೂ ಸಿಕ್ಕಿತು. ನಮ್ಮ ಮಣ್ಣಿನಲ್ಲಿರುವ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಅಂಶ ಬೇಳೆಯ ರುಚಿಗೆ ಕಾರಣ ಎಂಬುದು ಅದರ ಪರವಾದ ವಾದ. ಹಿಂದಿನ ದಿನದ ಬುರುಗು ಮಕ್ಕಳಿಗೆ ನೆನಪಿತ್ತು.

ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಹೆಸರು ಬಂದು ಇಷ್ಟು ವರ್ಷ ಆಯ್ತಲ್ರಿ, ನಮ್ಮ ಅಪ್ಪಗ ಏನು ಸಿಕ್ತ್ರಿ?” ಇನ್ನೊಬ್ಬ ಸೇರಿಸಿದ: “ಟೆಂಡರ್ ಆದ ಮ್ಯಾಲ ಎಲ್ಲಾರ ತೊಗರಿ ಕೂಡೇ ಮಿಲ್ಲಿಗಿ ಹೋಗ್ತಾದ್ರಿ. ಯಾರದು ಯಾವುದು ಅಂತ ಯಾರಿಗಿ ಗೊತ್ತಾಗ್ತಾದ?”

ಇದು ಪಾಠದ ಅತ್ಯಂತ ಗಟ್ಟಿಯಾದ ಪ್ರಶ್ನೆ. ಉತ್ತರಕ್ಕೆ ಕಾಫಿಯ ಇತಿಹಾಸ ನೆರವಾಯಿತು. 1942ರ ಕಾಫಿ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ದರ್ಜೆಯ ಮೇಲೆ ಹಣ ಬರುತ್ತಿತ್ತು. ತೋಟದ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. 1990ರ ದಶಕದ ಆರಂಭದಿಂದ ಹಂತ ಹಂತವಾಗಿ ಸಡಿಲಿಸಿ 1996ರಲ್ಲಿ ಮುಕ್ತ ಮಾರಾಟಕ್ಕೆ ಪೂರ್ಣ ಅವಕಾಶವಾಯಿತು. ಆ ಬಳಿಕವೇ ಬೆಳೆಗಾರ ತನ್ನ ತೋಟದ ಹೆಸರಿನಲ್ಲಿ ಮಾರುವ ದಾರಿ ತೆರೆಯಿತು. ಹಾಗೆಂದು ಪೂಲ್ ಕೆಟ್ಟದ್ದಾಗಿತ್ತು ಎಂದು ಹೇಳಲಿಲ್ಲ. ಸಣ್ಣ ಬೆಳೆಗಾರನ ಬೆಳೆಗೆ ಅಲ್ಲಿ ಖಚಿತ ಕೊಳ್ಳುವವರಿದ್ದರು. ಮುಕ್ತ ಮಾರುಕಟ್ಟೆಯಲ್ಲಿ ಬೆಲೆ ಬಿದ್ದರೆ ನಷ್ಟ ಅವನದೇ. ಎರಡೂ ಬದಿಯನ್ನು ಮಕ್ಕಳು ಪಟ್ಟಿ ಮಾಡಿದರು.

ಚರ್ಚೆಯ ಕೊನೆಗೆ ಕಪ್ಪುಹಲಗೆಯ ಮೇಲೆ ಉಳಿದದ್ದು ಮೂರು ಅಂಶಗಳು: ಬೆಳೆಯನ್ನು ಬೆರೆಸದೆ ಬೇರೆ ಇಡಬೇಕು, ಗುಣವನ್ನು ಪರೀಕ್ಷಿಸಿ ತೋರಿಸಬೇಕು, ಆ ಗುಣಕ್ಕೆ ಹೆಚ್ಚು ಬೆಲೆ ಕೊಡುವ ಕೊಳ್ಳುವವರು ಬೇಕು. ಈ ಮೂರೂ ಕೂಡಿದಾಗ ಮಾತ್ರ ಹೆಸರಿನ ಲಾಭ ರೈತನ ತನಕ ಬರುತ್ತದೆ. ಎರಡು ಎಕರೆಯ ರೈತ ಒಬ್ಬನೇ ಇದನ್ನೆಲ್ಲ ಮಾಡಲಾರ. ರೈತ ಉತ್ಪಾದಕ ಸಂಸ್ಥೆ, ಸಹಕಾರ ಸಂಘ ಎಂಬ ಪದಗಳು ಇಲ್ಲಿ ಪರಿಚಯವಾದವು.

ಮೌಲ್ಯಮಾಪನ

1. ಹೊಲದ ಮಣ್ಣಿನ ಮೇಲೆ ಆಮ್ಲ ಹಾಕಿದಾಗ ಬಂದ ಅನಿಲ ಯಾವುದು? ಅದನ್ನು ಹೇಗೆ ದೃಢಪಡಿಸುವಿರಿ?
2. ಶೇ. 16 ತೇವಾಂಶದ 50 ಕೆ.ಜಿ. ತೊಗರಿಯನ್ನು ಶೇ. 12ಕ್ಕೆ ಒಣಗಿಸಿದರೆ ಉಳಿಯುವ ತೂಕವೆಷ್ಟು?
3. ‘ಒಂದೇ ಮೂಲದ ಕಾಫಿ ಎಂದರೆ ಉತ್ತಮ ಕಾಫಿ’ ಎಂಬ ಹೇಳಿಕೆ ಸರಿಯೇ? ಕಾರಣ ಕೊಡಿ.

ಗೃಹಪಾಠ: ಮನೆಯ ತೊಗರಿಗೆ ಒಂದು ಚೀಟಿ ಬರೆಯುವುದು. ಊರು, ಮಣ್ಣಿನ ಬಗೆ, ತಳಿ, ಬಿತ್ತಿದ ತಿಂಗಳು, ರಾಶಿ ಮಾಡಿದ ತಿಂಗಳು, ಒಣಗಿಸಿದ ರೀತಿ ಅದರಲ್ಲಿರಬೇಕು. ತಳಿಯ ಹೆಸರು ಹೆಚ್ಚಿನ ಮಕ್ಕಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿಕೊಂಡು ಟಿ.ಎಸ್.-3ಆರ್, ಮಾರುತಿ, ಗುಳ್ಯಾಳ ಎಂದು ಬರೆದು ತಂದರು. ಹೊಲ ಇಲ್ಲದ ಮಕ್ಕಳು ಕೂಲಿಗೆ ಹೋಗುವ ತಾಯಂದಿರನ್ನು ಕೇಳಿ ಬರೆದರು. ರಾಶಿಯ ವಿವರ ಅತ್ಯಂತ ಸ್ಪಷ್ಟವಾಗಿದ್ದುದು ಅವರ ಚೀಟಿಗಳಲ್ಲಿಯೇ.

ಪ್ರತಿಫಲನ ಮತ್ತು ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಈ ಪಾಠದಲ್ಲಿ ರಸಾಯನಶಾಸ್ತ್ರ, ಗಣಿತ ಮತ್ತು ಅರ್ಥಶಾಸ್ತ್ರ ಕೂಡಿವೆ. ಹಾಗಾಗಿ ಎರಡು ಅವಧಿ ಅನಿವಾರ್ಯ. ಒಂದೇ ಅವಧಿ ಸಿಕ್ಕರೆ ಮಣ್ಣಿನ ಪ್ರಯೋಗ ಮತ್ತು ತೇವಾಂಶದ ಲೆಕ್ಕ ಸಾಕು. ಆಮ್ಲವನ್ನು ಶಿಕ್ಷಕರೇ ಹಾಕುವುದು ಸುರಕ್ಷಿತ; ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ವಿನೆಗರ್ ಬಳಸಬಹುದು, ಬುರುಗು ಕಡಿಮೆ ಇರುತ್ತದೆ. ತೋಟದ ಮಣ್ಣು ಸಿಗದಿದ್ದರೆ ಸುಣ್ಣವಿಲ್ಲದ ಕೆಂಪು ಮಣ್ಣಿನಿಂದಲೂ ಹೋಲಿಕೆ ಸಾಧ್ಯ. ಚಿತ್ತಾಪುರ, ಶಹಾಬಾದ, ವಾಡಿ ಕಡೆಯ ಶಾಲೆಗಳಲ್ಲಿ ಫರಸಿ ಗಣಿಯ ಪುಡಿಯೇ ಉಪಕರಣವಾಗುತ್ತದೆ. ಚಿಂಚೋಳಿಯ ಕಡೆ ಕಪ್ಪು ಮತ್ತು ಕೆಂಪು ಮಣ್ಣು ಎರಡನ್ನೂ ಮಕ್ಕಳಿಂದಲೇ ತರಿಸಬಹುದು.

ಬೆಲೆಯ ಚರ್ಚೆಯನ್ನು ವಿಜ್ಞಾನದ ಅವಧಿಯಿಂದ ಹೊರಗಿಡಬೇಕು ಎಂಬ ಅಭಿಪ್ರಾಯ ಪಾಠದ ನಂತರದ ವಿಮರ್ಶೆಯಲ್ಲಿ ಬಂದಿತು. ನಾನು ಒಪ್ಪಲಿಲ್ಲ. ತೇವಾಂಶ ಮಾಪಕದ ಮುಂದೆ ಚೀಲ ಬಿಚ್ಚಿ ನಿಲ್ಲುವ ರೈತನಿಗೆ ಅದು ತೋರಿಸುವ ಅಂಕಿಯೇ ಬೆಲೆ. ಆ ಅಂಕಿಯನ್ನು ಓದಲು, ಪ್ರಶ್ನಿಸಲು ಅವನ ಮಗಳಿಗೆ ಬಂದರೆ 10ನೇ ತರಗತಿಯ ವಿಜ್ಞಾನ ಅಷ್ಟರಮಟ್ಟಿಗೆ ಅವಳದಾಯಿತು. ಮುಂದಿನ ಹಂತವಾಗಿ ಮಕ್ಕಳ ಚೀಟಿಗಳನ್ನು ಮಣ್ಣಿನ ಪಿ.ಎಚ್. ಮೌಲ್ಯದ ಜೊತೆ ಜೋಡಿಸಿ ಊರಿನ ತೊಗರಿ ನಕ್ಷೆ ಮಾಡಲು ಶಾಲೆಯ ವಿಜ್ಞಾನ ಸಂಘ ಮುಂದಾಗಿದೆ. ಅದರ ನಮೂನೆ ಬೇಕಾದವರಿಗೆ ನಮ್ಮ ತಂಡ ಕೊಡಲಿದೆ.