ಹದ ಅರಿಯದ ಬೆಂಕಿ

ಅಕ್ಟೋಬರ್ ತಿಂಗಳು, ರಾತ್ರಿ ಎರಡು ಗಂಟೆ. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ನಲ್ಲಿರುವ ಮ್ಯಾಥರ್ ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮ ಟ್ರೈಲರ್ ನಿಂತಿತ್ತು. ಹೊರಗೆ ಪೈನ್ ಮರಗಳ ಅಡಿಯಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಒಳಗೆ ಅಮ್ಮ ಎದ್ದು ಕೂತು ಸ್ವೆಟರ್ ಬಿಚ್ಚುತ್ತಿದ್ದಳು. ಅರ್ಧ ಗಂಟೆಯ ಹಿಂದಷ್ಟೇ ಅದನ್ನು ಹಾಕಿಕೊಂಡು, ಮೇಲೆ ಎರಡು ರಗ್ಗು ಹೊದ್ದು ಮಲಗಿದ್ದಳು. ಆ ರಾತ್ರಿ ಅದು ನಾಲ್ಕನೇ ಸಲ. ನಾನು ಎದ್ದದ್ದು ಕಂಡು, "ಬೆಂಕಿಗೇನೂ ಕಮ್ಮಿ ಇಲ್ಲ ಕಣೋ. ಅದಕ್ಕೆ ಹದ ಗೊತ್ತಿಲ್ಲ, ಅಷ್ಟೇ" ಅಂದಳು.

ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಬಚ್ಚಲೊಲೆಗೆ ಸೌದೆ ಒಟ್ಟಿ, ಹಂಡೆಯ ನೀರನ್ನು ಬೆರಳಲ್ಲೇ ಮುಟ್ಟಿ ನೋಡಿ ಜೀವನ ಕಳೆದವಳು ಅವಳು. ಯಾವಾಗ ಸೌದೆ ಮುಂದೆ ದೂಡಬೇಕು, ಯಾವಾಗ ಹಿಂದಕ್ಕೆ ಎಳೆಯಬೇಕು ಎಂಬುದು ಅವಳ ಕೈಗೆ ಗೊತ್ತು. ಆ ಒಂದು ಮಾತಿನಲ್ಲಿ ನನ್ನ ಟ್ರೈಲರಿನ ರೋಗ ಏನೆಂದು ಹೇಳಿಬಿಟ್ಟಿದ್ದಳು. ಅದು ನನಗೆ ಅರ್ಥವಾಗಲು ಇನ್ನೂ ಒಂದು ರಾತ್ರಿ ಬೇಕಾಯಿತು.

ನಾವಿರುವುದು ಫೀನಿಕ್ಸ್‌ನಲ್ಲಿ. ಸುಮಾರು 1,100 ಅಡಿ ಎತ್ತರದ, ಮರುಭೂಮಿಯ ಊರು. ಅಲ್ಲಿಂದ ನಾಲ್ಕು ಗಂಟೆ ಗಾಡಿ ಎಳೆದುಕೊಂಡು ಹೋದರೆ 7,000 ಅಡಿ ಎತ್ತರದ ಕಾಡು. ಮ್ಯಾಥರ್‌ನಲ್ಲಿ ಟ್ರೈಲರಿಗೆ ಕರೆಂಟಿನ ಸಂಪರ್ಕ ಇಲ್ಲ, ರಾತ್ರಿ ಜನರೇಟರ್ ಹಾಕುವಂತಿಲ್ಲ. ಬೆಳಗಿನವರೆಗೆ ನಮ್ಮ ಪಾಲಿಗೆ ಇರುವುದು ಒಂದು ಬ್ಯಾಟರಿ ಮತ್ತು ಪ್ರೊಪೇನ್ ಸಿಲಿಂಡರು. ಸೆಕೆಂಡ್ ಹ್ಯಾಂಡ್ ಕೊಂಡ ಈ 24 ಅಡಿಯ ಟ್ರೈಲರಿನಲ್ಲಿ ಹಿಂದೆಯೂ ಚಳಿಯ ರಾತ್ರಿಗಳನ್ನು ಕಳೆದಿದ್ದೆವು. ಫರ್ನೇಸ್ ಹಳೆಯದಾಯಿತು, ಬದಲಾಯಿಸಬೇಕು ಎಂದೇ ನಾನು ಲೆಕ್ಕ ಹಾಕಿಟ್ಟಿದ್ದೆ.

ಮರುದಿನ ರಾತ್ರಿ ಅಮ್ಮನ ಹಾಸಿಗೆಯ ಪಕ್ಕದಲ್ಲಿ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ತೂಗುಹಾಕಿ, ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡೆ. ಥರ್ಮೋಸ್ಟಾಟಿನ ಕಡ್ಡಿಯನ್ನು 68 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ 20 ಸೆಲ್ಸಿಯಸ್‌ಗೆ ಇಟ್ಟಿದ್ದೆ. ಒಳಗಿನ ಉಷ್ಣಾಂಶ 62ಕ್ಕೆ ಇಳಿಯುವ ತನಕ ಫರ್ನೇಸ್ ಅಲುಗಾಡಲಿಲ್ಲ. ಹೊತ್ತಿದ ಮೇಲೆ 75 ಮುಟ್ಟುವ ತನಕ ನಿಲ್ಲಲಿಲ್ಲ. ಹದಿಮೂರು ಡಿಗ್ರಿಯ ಜೋಕಾಲಿ. ಫರ್ನೇಸ್ ತನಗೆ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಹೇಳುವವನಿಗೆ ಹದ ಗೊತ್ತಿರಲಿಲ್ಲ.

ನಮ್ಮ ಹಳೆಯ ಥರ್ಮೋಸ್ಟಾಟಿನ ಒಳಗೆ ಇದ್ದದ್ದು ಬೈಮೆಟಲ್ ಪಟ್ಟಿ. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ ಸುರುಳಿ ಅದು. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಸುರುಳಿ ಬಾಗುತ್ತದೆ, ತಣಿದಾಗ ಹಿಂದಕ್ಕೆ ಬರುತ್ತದೆ, ಆ ಚಲನೆಯೇ ಸ್ವಿಚ್ ಒತ್ತುತ್ತದೆ. ಆದರೆ ಲೋಹ ಬಿಸಿಯಾಗಲು ಹೊತ್ತು ಬೇಕು. ದೊಡ್ಡ ಮನೆಯಲ್ಲಿ ಗಾಳಿಯೂ ನಿಧಾನವಾಗಿ ಬಿಸಿಯಾಗುವುದರಿಂದ ಈ ತಡ ಅಷ್ಟು ಕಾಡುವುದಿಲ್ಲ. ನಮ್ಮದು ಒಂದು ಕೋಣೆಯಷ್ಟು ಜಾಗ, ತೆಳ್ಳಗಿನ ಗೋಡೆ, ಗಂಟೆಗೆ 30,000 ಬಿಟಿಯು ಶಾಖ ಉಗುಳುವ ಫರ್ನೇಸ್. ಪಟ್ಟಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಒಳಗಿನವರು ಬೆವರುತ್ತಿರುತ್ತಾರೆ. ಒಳ್ಳೆಯ ಹಳೆಯ ಥರ್ಮೋಸ್ಟಾಟುಗಳಲ್ಲಿ ಪಟ್ಟಿಯನ್ನು ತುಸು ಮೊದಲೇ ಬೆಚ್ಚಗೆ ಮಾಡಿ ಬೇಗ ಆರಿಸುವ ಪುಟ್ಟ ರೆಸಿಸ್ಟರ್ ಇರುತ್ತದೆ. ನಮ್ಮದರಲ್ಲಿ ಅದು ಇರಲಿಲ್ಲ.

ಇದರಿಂದ ಹಾಳಾಗುತ್ತಿದ್ದದ್ದು ನಿದ್ದೆ ಮಾತ್ರ ಅಲ್ಲ. 62ರ ಚಳಿ ತಾಳಲಾರದೆ ನಾವು ಕಡ್ಡಿಯನ್ನು 74ಕ್ಕೆ ದೂಡುತ್ತಿದ್ದೆವು. ಕೆಳಗಿನ ತುದಿಯನ್ನು ತಪ್ಪಿಸಲು ಇಡೀ ಜೋಕಾಲಿಯನ್ನೇ ಮೇಲಕ್ಕೆತ್ತಿದ ಹಾಗೆ. ಸರಾಸರಿ ಉಷ್ಣಾಂಶ ಏರಿದಷ್ಟೂ ಗ್ಯಾಸು ಖರ್ಚು, ಅದರ ಜೊತೆ ಬ್ಯಾಟರಿಯೂ ಖರ್ಚು. ಫರ್ನೇಸಿನ ಫ್ಯಾನು ನಮ್ಮ ಗಾಡಿಯಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಗಳ ರಾತ್ರಿಯಲ್ಲಿ ಅದು ಐದು ಗಂಟೆ ತಿರುಗಿದರೆ 35 ಆಂಪಿಯರ್-ಅವರ್. ನಮ್ಮ ಬ್ಯಾಟರಿ 80ರದು. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದಾದರೆ, ಬಳಸಲು ಸಿಗುವುದು 40. ಅದಕ್ಕಿಂತ ಇಳಿದರೆ ಇನ್ನೊಂದು ತೊಂದರೆ ಕಾದಿರುತ್ತದೆ. ಫ್ಯಾನಿನ ಗಾಳಿ ಜೋರಾಗಿ ಬಂದಾಗ ಮಾತ್ರ ಒತ್ತಿಕೊಳ್ಳುವ ಒಂದು ಸ್ವಿಚ್ ಫರ್ನೇಸಿನೊಳಗಿದೆ. ಬ್ಯಾಟರಿ ಸೋತು ಫ್ಯಾನು ನಿಧಾನವಾದರೆ ಆ ಸ್ವಿಚ್ ಒತ್ತುವುದಿಲ್ಲ, ಗ್ಯಾಸು ತೆರೆಯುವುದಿಲ್ಲ. ಉಳಿದ ಚೂರು ಕರೆಂಟನ್ನೂ ತಣ್ಣನೆಯ ಗಾಳಿ ಬೀಸುತ್ತಲೇ ಫ್ಯಾನು ಮುಗಿಸುತ್ತದೆ.

ಊರಿಗೆ ಮರಳಿದ ವಾರವೇ ಹೊಸ ಥರ್ಮೋಸ್ಟಾಟ್ ತಂದೆ, ತಪ್ಪು ತಂದೆ. ಮನೆಗೆ ಹಾಕುವ ವೈಫೈ ಮಾದರಿ ಅದು. ಅಮೆರಿಕದ ಮನೆಗಳಲ್ಲಿ ಥರ್ಮೋಸ್ಟಾಟ್ ವೈರುಗಳಲ್ಲಿ ಹರಿಯುವುದು 24 ವೋಲ್ಟ್ ಎಸಿ. ಟ್ರೈಲರಿನಲ್ಲಿ ಇರುವುದು ಬ್ಯಾಟರಿಯ 12 ವೋಲ್ಟ್ ಡಿಸಿ. ಆ ಪರದೆ ಬೆಳಗಲೇ ಇಲ್ಲ. ಹಿಂತಿರುಗಿಸುವ ಮುನ್ನ ಕೈಪಿಡಿ ಕೂತು ಓದಿದಾಗ ಇನ್ನೊಂದು ವಿಷಯ ಹೊಳೆಯಿತು. ಕೆಲವು ಮನೆ ಥರ್ಮೋಸ್ಟಾಟುಗಳು ಸ್ವಿಚ್ಚಿಗೆ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಬಿಡಿಭಾಗ ಬಳಸುತ್ತವೆ. ಟ್ರಯಾಕ್ ಆರಬೇಕಾದರೆ ಕರೆಂಟು ಒಮ್ಮೆ ಸೊನ್ನೆಗೆ ಇಳಿಯಬೇಕು. ಎಸಿಯಲ್ಲಿ ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಇಳಿಯುತ್ತದೆ, ಡಿಸಿಯಲ್ಲಿ ಇಳಿಯುವುದೇ ಇಲ್ಲ. ಅಂಥದ್ದನ್ನು ಟ್ರೈಲರಿಗೆ ಹಾಕಿದರೆ ಒಮ್ಮೆ ಹೊತ್ತಿದ ಫರ್ನೇಸಿಗೆ ನಿಲ್ಲಿಸು ಎನ್ನುವ ಮಾತು ತಲುಪುವುದೇ ಇಲ್ಲ. ಹಾಗಾಗಿ ಹುಡುಕಬೇಕಾದದ್ದು ಎರಡು ಸಣ್ಣ ಸೆಲ್ಲುಗಳಲ್ಲಿ ತಾನೇ ನಡೆಯುವ, ಒಳಗೆ ರಿಲೇ ಇರುವ, ಸರಳವಾದ ಡಿಜಿಟಲ್ ಥರ್ಮೋಸ್ಟಾಟ್. ಬೆಲೆ ಮೊದಲಿನದರ ಕಾಲುಭಾಗ.

ಅಂಥದ್ದೊಂದನ್ನು ತಂದು, ಗೋಡೆಯ ಹಳೆಯ ಡಬ್ಬಿ ಬಿಚ್ಚಿದಾಗ ಆರು ವೈರು ಕಂಡವು. ನಮ್ಮ ಗಾಡಿಯಲ್ಲಿ ಕೆಂಪು 12 ವೋಲ್ಟಿನದು, ಬಿಳಿ ಫರ್ನೇಸಿನದು, ಹಳದಿ ಚಾವಣಿಯ ಏರ್ ಕಂಡಿಷನರಿನ ಕಂಪ್ರೆಸರಿನದು, ಹಸಿರು ಮತ್ತು ಬೂದು ಅದೇ ಯಂತ್ರದ ಫ್ಯಾನಿನ ಎರಡು ವೇಗಗಳದು, ನೀಲಿ ನೆಗೆಟಿವ್. ಪ್ರತಿ ತಯಾರಕರೂ ಒಂದೇ ಬಣ್ಣ ಬಳಸುವುದಿಲ್ಲ. ಆದ್ದರಿಂದ ಫೋಟೊ ತೆಗೆದು, ಒಂದೊಂದಕ್ಕೂ ಚೀಟಿ ಅಂಟಿಸಿ, ಮಲ್ಟಿಮೀಟರಿನಲ್ಲಿ ನೋಡಿದ ಮೇಲೆಯೇ ನಂಬಿದೆ. ಈ ಮೂರು ಕೆಲಸವನ್ನು ಸರಿಯಾಗಿ ಮಾಡಿದ ನಾನು ನಾಲ್ಕನೆಯದನ್ನು ಬಿಟ್ಟೆ. ಹೊರಗಿನ ಕರೆಂಟಿನ ಪ್ಲಗ್ ಕಿತ್ತಿದ್ದೆ, ಬ್ಯಾಟರಿಯ ತಂತಿ ಕಳಚಿರಲಿಲ್ಲ. ಹೊಸ ಥರ್ಮೋಸ್ಟಾಟಿಗೆ ನೀಲಿ ವೈರು ಬೇಕಿರಲಿಲ್ಲ. ಅದು ಬೆತ್ತಲೆ ತುದಿಯಲ್ಲೇ ಜೋತಾಡುತ್ತಿದ್ದು, ಕೆಂಪಿಗೆ ತಾಗಿತು. ಒಂದು ಕಿಡಿ, ಫ್ಯೂಸ್ ಹೋಯಿತು. ಫ್ಯೂಸ್ ಇದ್ದದ್ದರಿಂದ ಫರ್ನೇಸಿನ ಕಂಟ್ರೋಲ್ ಬೋರ್ಡ್ ಉಳಿಯಿತು. ಹನ್ನೆರಡು ವೋಲ್ಟ್ ಮನುಷ್ಯನಿಗೆ ಶಾಕ್ ಹೊಡೆಯದಿರಬಹುದು, ಆದರೆ ಬ್ಯಾಟರಿಯ ಹಿಂದಿರುವ ಕರೆಂಟು ವೈರನ್ನು ಕಾಯಿಸಿ ಬೆಂಕಿ ಹೊತ್ತಿಸಬಲ್ಲದು. ಮರದ ಚೌಕಟ್ಟಿನ ಟ್ರೈಲರಿನಲ್ಲಿ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬೇಡದ ವೈರಿನ ತುದಿಯನ್ನು ಎಲ್ಲಕ್ಕಿಂತ ಮೊದಲು ಮುಚ್ಚಬೇಕು.

ಎರಡನೇ ತೊಡಕು ಫ್ಯಾನಿನದು. ಚಾವಣಿಯ ಫ್ಯಾನಿಗೆ ಎರಡು ವೇಗ, ಹೊಸ ಥರ್ಮೋಸ್ಟಾಟಿನಲ್ಲಿ ಅದಕ್ಕೆ ಇರುವುದು ಒಂದೇ ತಿರುಪು. ನಡುವೆ ಒಂದು ಸಣ್ಣ ಸ್ವಿಚ್ ಕೂರಿಸಿ, ಹಸಿರೋ ಬೂದೋ ಎಂದು ಕೈಯಲ್ಲೇ ಆರಿಸುವಂತೆ ಮಾಡಿದೆ. ಕಂಪ್ರೆಸರ್ ಓಡುವಾಗ ಇವೆರಡರಲ್ಲಿ ಒಂದು ಓಡಲೇಬೇಕು, ಇಲ್ಲದಿದ್ದರೆ ಏರ್ ಕಂಡಿಷನರಿನ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಎಲ್ಲ ಜೋಡಿಸಿ ಫರ್ನೇಸ್ ಹಾಕಿದರೆ, ಕೆಳಗಿನಿಂದ ಬಿಸಿ ಗಾಳಿ ಬಂತು, ಅದೇ ಹೊತ್ತಿಗೆ ಚಾವಣಿಯಿಂದ ತಣ್ಣನೆಯ ಗಾಳಿಯೂ ಸುರಿಯಿತು. ಸೆಟ್ಟಿಂಗಿನಲ್ಲಿ ಗ್ಯಾಸ್ ಅಥವಾ ಎಲೆಕ್ಟ್ರಿಕ್ ಎಂಬ ಆಯ್ಕೆ ಎಲೆಕ್ಟ್ರಿಕ್‌ನಲ್ಲಿತ್ತು. ಹಾಗಿದ್ದಾಗ ಥರ್ಮೋಸ್ಟಾಟ್ ಶಾಖದ ಜೊತೆ ಫ್ಯಾನನ್ನೂ ತಾನೇ ಕರೆಯುತ್ತದೆ. ಗ್ಯಾಸಿಗೆ ಬದಲಿಸಿದಾಗ ಚಾವಣಿ ಸುಮ್ಮನಾಯಿತು.

ಮೂರನೆಯದು ಬಹಳ ಸಣ್ಣದು, ಬಹಳ ಸತಾಯಿಸಿದ್ದು. ಪರದೆ ತೋರಿಸುವ ಅಂಕೆಗೂ ನನ್ನ ಥರ್ಮಾಮೀಟರಿಗೂ ನಾಲ್ಕು ಡಿಗ್ರಿ ವ್ಯತ್ಯಾಸ. ಡಬ್ಬಿಯ ಹಿಂದೆ ಕೈ ಹಿಡಿದಾಗ ಕಾರಣ ತಿಳಿಯಿತು. ವೈರು ಬರುವ ತೂತಿನಿಂದ ಗೋಡೆಯೊಳಗಿನ ತಣ್ಣನೆಯ ಗಾಳಿ ನೇರವಾಗಿ ಸೆನ್ಸರಿನ ಮೇಲೆ ಊದುತ್ತಿತ್ತು. ಒಂದು ಉಂಡೆ ಪುಟ್ಟಿ ತುಂಬಿ ತೂತು ಮುಚ್ಚಿದೆ. ಎರಡೂ ಅಂಕೆಗಳು ಜೊತೆಗೆ ಬಂದವು.

ಎಷ್ಟು ಡಿಗ್ರಿಗೆ ಹೊತ್ತಬೇಕು, ಎಷ್ಟಕ್ಕೆ ಆರಬೇಕು ಎಂಬ ಅಂತರವನ್ನು ಅರ್ಧ ಡಿಗ್ರಿಗೂ ಇಡಬಹುದಿತ್ತು. ಇಡಲಿಲ್ಲ. ಫರ್ನೇಸ್ ಪ್ರತಿ ಸಲ ಹೊತ್ತುವ ಮೊದಲು ಒಳಗಿನ ಹಳೆಯ ಗಾಳಿ ಹೊರದೂಡಲು ಫ್ಯಾನು ತಿರುಗುತ್ತದೆ, ಆರಿದ ಮೇಲೂ ಉಳಿದ ಬಿಸಿ ತೆಗೆಯಲು ತಿರುಗುತ್ತದೆ. ಐದು ನಿಮಿಷಕ್ಕೊಮ್ಮೆ ಹೊತ್ತಿ ಆರಿದರೆ ಬ್ಯಾಟರಿ ಈ ಹಿಂದುಮುಂದಿನ ಗಾಳಿಗೇ ಸವೆಯುತ್ತದೆ, ಸದ್ದಿಗೆ ಎಚ್ಚರವೂ ಆಗುತ್ತದೆ. ಎರಡು ಡಿಗ್ರಿ ನಮಗೆ ಹಿಡಿಸಿತು.

1883ರಲ್ಲಿ ವಿಸ್ಕಾನ್ಸಿನ್‌ನ ವಾರನ್ ಜಾನ್ಸನ್ ಎಂಬ ಅಧ್ಯಾಪಕರು ಕೋಣೆಯ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ಶಾಲೆಯ ಆಳು ಒಂದೊಂದು ಕೋಣೆಗೂ ಬಂದು, ಬಿಸಿ ಎಷ್ಟಿದೆ ನೋಡಿ, ನೆಲಮಾಳಿಗೆಗೆ ಹೋಗಿ ಒಲೆ ಸರಿಮಾಡಬೇಕಿತ್ತು. ನೂರನಲವತ್ತು ವರ್ಷ ಕಳೆದ ಮೇಲೂ ಆ ಆಳಿನ ಕೆಲಸವನ್ನು ನಮ್ಮ ಟ್ರೈಲರಿನಲ್ಲಿ ಅಮ್ಮನೂ ನಾನೂ ರಾತ್ರಿಯಿಡೀ ಮಾಡಿದ್ದೆವು, ಅವಳು ಸ್ವೆಟರಿನಲ್ಲಿ, ನಾನು ಕಡ್ಡಿಯಲ್ಲಿ.

ನವೆಂಬರ್ ಕೊನೆಗೆ ಅದೇ ಕ್ಯಾಂಪ್‌ಗ್ರೌಂಡಿಗೆ ಮತ್ತೆ ಹೋದೆವು. ಅಕ್ಟೋಬರಿಗಿಂತ ಹೆಚ್ಚಿನ ಚಳಿ. 67ಕ್ಕೆ ಇಟ್ಟು ಮಲಗಿದೆವು. ನಾನು ಮಾತ್ರ ಥರ್ಮಾಮೀಟರ್ ನೋಡಲು ಎರಡು ಸಲ ಎದ್ದೆ. ಅದು 66ಕ್ಕೂ 69ಕ್ಕೂ ನಡುವೆಯೇ ಓಡಾಡಿಕೊಂಡಿತ್ತು. ಬೆಳಿಗ್ಗೆ ಬ್ಯಾಟರಿ 12.3 ವೋಲ್ಟ್ ತೋರಿಸಿತು. ಅಮ್ಮ ಏಳೂವರೆಗೆ ಎದ್ದಳು. ರಗ್ಗು ಒಂದೇ, ಸ್ವೆಟರ್ ಮಡಿಸಿದ ಹಾಗೇ ಇತ್ತು. "ರಾತ್ರಿ ಬೆಂಕಿ ಹಾಕಿದ್ಯೇನೋ? ಸದ್ದೇ ಕೇಳಲಿಲ್ಲವಲ್ಲ" ಅಂದಳು.

ಈಗ ಟ್ರೈಲರಿನ ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಕಾಗದ ಅಂಟಿಸಿದ್ದೇನೆ. ಯಾವ ಬಣ್ಣದ ವೈರು ಯಾವುದಕ್ಕೆ, ಯಾವ ಫ್ಯೂಸ್, ಮೊದಲು ಬ್ಯಾಟರಿ ಕಳಚಬೇಕು ಎಂಬ ಮಾತು, ಕಾರ್ಬನ್ ಮಾನಾಕ್ಸೈಡ್ ಮತ್ತು ಗ್ಯಾಸ್ ಅಲಾರಂ ಒತ್ತಿ ನೋಡಿದ ದಿನ, ಥರ್ಮೋಸ್ಟಾಟಿನ ಸೆಲ್ಲು ಬದಲಾಯಿಸಿದ ತಾರೀಖು ಅದರಲ್ಲಿವೆ. ಚಳಿಯ ನಡುವೆ ಆ ಎರಡು ಸೆಲ್ಲು ಸತ್ತರೆ ಫರ್ನೇಸೂ ನಿಲ್ಲುತ್ತದೆ, ನೀರಿನ ಪೈಪೂ ಒಡೆಯಬಹುದು. ಆದ್ದರಿಂದ ಪ್ರತಿ ಅಕ್ಟೋಬರಿನಲ್ಲಿ ಹೊಸದು ಹಾಕುತ್ತೇನೆ. ಈ ಗಾಡಿ ನನಗೆ ಬಂದಾಗ ಇಂಥದ್ದೊಂದು ಕಾಗದ ಇರಲಿಲ್ಲ. ಮುಂದೆ ಇದನ್ನು ಕೊಳ್ಳುವವರ ಅಮ್ಮನೂ ಒಂದು ದಿನ ಇದರಲ್ಲಿ ಮಲಗಬಹುದು.